ಅಮೆರಿಕನ್ ಸಾಹಿತ್ಯದ ಆರಂಭಯುಗಗಳು: ಕಾಲವಿಭಜನೆಯ ಕೆಲವು ಪ್ರಶ್ನೆಗಳು

ಅಮೆರಿಕನ್ ಸಾಹಿತ್ಯದ ಮೊದಲ ಎರಡೂವರೆ ಶತಮಾನಗಳನ್ನು ಚರಿತ್ರಕಾರರು ಸಾಮಾನ್ಯವಾಗಿ ಮೂರು ಘಟ್ಟಗಳಾಗಿ ವಿಂಗಡಿಸುತ್ತಾರೆ: 17ನೆಯ ಶತಮಾನದ ಪ್ಯೂರಿಟನ್ ಯುಗ, 18ನೆಯ ಶತಮಾನದ ವೈಚಾರಿಕ ಯುಗ, 19ನೆಯ ಶತಮಾನದ ಪೂರ್ವಾರ್ಧದ ರಮ್ಯಯುಗ. ಎಮರ್ಸನ್, ಥೋರೊ ಮೊದಲಾದವರ ಅತೀಂದ್ರಿಯವಾದ ಈ ಕೊನೆಯ ಯುಗದ ಪ್ರಮುಖ ಪಂಥವೆನಿಸಿದೆ. ಬೋಧನೆಗೆ ಈ ವಿಂಗಡಣೆ ಅನುಕೂಲಕರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಒಂದು ಯುಗದ ಕೃತಿಗಳು ಮುಂದಿನ ಯುಗದ ಕೃತಿಗಳಿಗೆ ಜನ್ಮವಿತ್ತವು ಎಂಬ ಭಾವನೆಯನ್ನೂ ಅದು ಮೂಡಿಸುತ್ತದೆ. ಕೃತಿ ರಚಿತವಾದ ಕಾಲ, ಅದು ಓದುಗರ ಕೈಸೇರಿದ ಕಾಲ, ಸಾಹಿತ್ಯ ಚರಿತ್ರೆಯಲ್ಲಿ ಅದಕ್ಕೆ ಸ್ಥಾನ ದೊರೆತ ಕಾಲ ಇವು ಮೂರೂ ಬೇರೆಬೇರೆ. ಇವನ್ನು ಪ್ರತ್ಯೇಕಿಸದೆ ಪ್ರಭಾವದ ಮಾತನ್ನಾಡುವುದು ಸಾಧುವಲ್ಲವೆಂಬುದು ನಮ್ಮ ಅಭಿಪ್ರಾಯ.

ಪ್ಯೂರಿಟನ್ ಯುಗದ ಶ್ರೇಷ್ಠ ಕವಿಯೆಂದು ಇಂದು ಪರಿಗಣಿತನಾಗಿರುವ ಎಡ್ವರ್ಡ್ ಟೇಲರ್‌ನನ್ನೇ ನೋಡಬಹುದು. ಮ್ಯಾಸಚೂಸೆಟ್ಸ್‌ನ ವೆಸ್ಟ್‌ಫೀಲ್ಡ್‌ನಲ್ಲಿ ಸಭಾಪಾಲಕನಾಗಿದ್ದ ಈತ 1729ರಲ್ಲಿ ತೀರಿಕೊಂಡನು. ಆತನ ಹಸ್ತಪ್ರತಿ ಯೇಲ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ದೀರ್ಘಕಾಲ ಅಲಕ್ಷಿತವಾಗಿದ್ದು, ಥಾಮಸ್ ಎಚ್. ಜಾನ್ಸನ್ ಅವರಿಂದ ವಿದ್ವಲ್ಲೋಕಕ್ಕೆ ಪರಿಚಿತವಾದುದು 1937ರಲ್ಲಿ. ಕವಿತೆಗಳ ಸಂಕಲನ ಹೊರಬಂದುದು 1939ರಲ್ಲಿ. ಪ್ಲಿಮತ್ ವಸಾಹತಿನ ಗವರ್ನರ್ ವಿಲಿಯಂ ಬ್ರಾಡ್‌ಫರ್ಡ್ 1630ರಲ್ಲಿ ಬರೆಯತೊಡಗಿದ ಆ ವಸಾಹತಿನ ಚರಿತ್ರೆಯ ಕಥೆಯೂ ಹೆಚ್ಚು ಭಿನ್ನವಲ್ಲ. ಕೆಲವು ಚರಿತ್ರಕಾರರು ಅದರ ಭಾಗಗಳನ್ನು ಬಳಸಿಕೊಂಡಿದ್ದರೂ, ಮೂಲಪ್ರತಿ ಕಣ್ಮರೆಯಾಗಿ, ಲಂಡನ್ನಿನ ಬಿಷಪ್ಪರ ಗ್ರಂಥಾಲಯದಲ್ಲಿ 1855ರಲ್ಲಿ ಗುರುತಿಸಲ್ಪಟ್ಟಿತು. 1856ರಲ್ಲಿ ಸಮಗ್ರವಾಗಿ ಅಚ್ಚಾಯಿತು. ಹಾಥಾರ್ನ್‌ನ ‘ದಿ ಸ್ಕಾರ್ಲೆಟ್ ಲೆಟರ್’ ಪ್ರಕಟವಾದುದು 1850ರಲ್ಲಿ, ಮೆಲ್ವಿಲ್‌ನ ‘ಮೋಬಿ ಡಿಕ್’ 1851ರಲ್ಲಿ, ಥೋರೊನ ‘ವಾಲ್ಡನ್’ 1854ರಲ್ಲಿ, ವಿಟ್‌ಮನ್ನನ ‘ಲೀವ್ಸ್ ಆಫ್ ಗ್ರಾಸ್’ 1855ರಲ್ಲಿ. ಆದುದರಿಂದ ಟೇಲರ್‌ನ ಕಾವ್ಯವಾಗಲಿ ಬ್ರಾಡ್‌ಫರ್ಡ್‌ನ ಸಮಗ್ರ ಗದ್ಯವಾಗಲಿ ಈ ಕೃತಿಗಳ ಆಕರವಾಗಿರಲು ಸಾಧ್ಯವಿರಲಿಲ್ಲ.

ಹಾಗೆಂದ ಮಾತ್ರಕ್ಕೆ ಪರಂಪರೆಯೇ ಇರಲಿಲ್ಲವೆಂದು ನಾವು ಹೇಳುತ್ತಿಲ್ಲ. ಪೆರಿ ಮಿಲ್ಲರ್ ಅವರು 1940ರ ಪ್ರಸಿದ್ಧ ಲೇಖನವೊಂದರಲ್ಲಿ ಜೊನಾಥನ್ ಎಡ್ವರ್ಡ್ಸ್‌ನಿಂದ ಎಮರ್ಸನ್‌ವರೆಗೆ ಒಂದು ಗೆರೆಯನ್ನೆಳೆದು ತೋರಿಸಿದರು. ಅವರು ಸಾಧಿಸಹೊರಟುದು ನೇರ ಪ್ರಭಾವವನ್ನಲ್ಲ, ನಿಸರ್ಗದೆದುರು ನಿಂತ ಮನಸ್ಸಿನ ಸ್ವಭಾವಸಾಮ್ಯವನ್ನು. ನಿಸರ್ಗದ ವಸ್ತುಗಳಲ್ಲಿ ದೈವದ ಛಾಯೆಗಳನ್ನು ಕಾಣುವ ಎಡ್ವರ್ಡ್ಸ್‌ನ ಖಾಸಗಿ ಟಿಪ್ಪಣಿಗಳು ಮಿಲ್ಲರ್ ಅವರ ಸಂಪಾದನೆಯಲ್ಲೇ ಗ್ರಂಥರೂಪಕ್ಕೆ ಬಂದುದು 1948ರಲ್ಲಿ ಎಂಬುದನ್ನು ಗಮನಿಸಬೇಕು. ಮುಂದಿನ ಪಠ್ಯಪುಸ್ತಕಗಳು ಈ ಎಚ್ಚರವನ್ನು ಕೈಬಿಟ್ಟು, ಸ್ವಭಾವಸಾಮ್ಯವನ್ನು ವಂಶಾವಳಿಯಾಗಿ ಮಾರ್ಪಡಿಸಿದುವು.

ಪರಂಪರೆ ಹರಿದುಬಂದ ಬಗೆ ಬೇರೆ. ಕಾಟನ್ ಮ್ಯಾದರ್‌ನ ಬೃಹತ್ ಧರ್ಮಚರಿತ್ರೆ 1702ರಲ್ಲೇ ಅಚ್ಚಾಗಿತ್ತು. ಹಾಥಾರ್ನ್ ಅದನ್ನು ಓದಿದ್ದನು. ಅದಕ್ಕಿಂತ ಮುಖ್ಯವಾದವು ಧರ್ಮೋಪದೇಶ, ದಿನಚರಿಯ ಬರವಣಿಗೆ, ಆತ್ಮಶೋಧನೆಯ ಅಭ್ಯಾಸ. ಟೇಲರ್ ತನ್ನ ಧ್ಯಾನಕವಿತೆಗಳನ್ನು 1682ರಿಂದ 1725ರವರೆಗೆ, ಕರ್ತನ ಭೋಜನವೆಂಬ ಸಂಸ್ಕಾರಕ್ಕೆ ತನ್ನ ಮನಸ್ಸನ್ನು ಅಣಿಗೊಳಿಸಿಕೊಳ್ಳಲು ರಚಿಸಿದನು. ಮ್ಯಾದರ್ ಮನೆತನದವರು ಹಿಂದೆ ಸಭಾಪಾಲಕರಾಗಿದ್ದ ಬಾಸ್ಟನ್ನಿನ ಎರಡನೆಯ ಚರ್ಚಿನಲ್ಲಿ ಅದೇ ಸ್ಥಾನದಲ್ಲಿದ್ದ ಎಮರ್ಸನ್, ಅದೇ ಸಂಸ್ಕಾರವನ್ನು ತಾನು ಮನಃಪೂರ್ವಕವಾಗಿ ನಡೆಸಲಾರೆನೆಂದು 1832ರಲ್ಲಿ ಹುದ್ದೆಯನ್ನು ತ್ಯಜಿಸಿದನು. ನಾಲ್ಕು ವರ್ಷಗಳ ಬಳಿಕ ಆತನ ‘ನೇಚರ್’ ಪ್ರಕಟವಾಯಿತು. ಟೇಲರ್‌ನ ಒಂದು ಸಾಲನ್ನೂ ಕಾಣದಿದ್ದ ಎಮರ್ಸನ್ ಟೇಲರ್‌ನ ಪ್ರಶ್ನೆಯೊಂದಿಗೇ ಸೆಣಸಿದನು. ಇದು ಕೃತಿಯಿಂದ ಕೃತಿಗೆ ಬಂದ ಪ್ರಭಾವವಲ್ಲ. ಸಂಸ್ಥೆಯೊಂದರ ಮೂಲಕ ಬಂದ ಉತ್ತರಾಧಿಕಾರ, ಅದರ ನಿರಾಕರಣೆಯೂ ಹೌದು.

ಯುಗನಾಮಗಳು ಯಾರನ್ನು ಹೊರಗಿಡುತ್ತವೆ ಎಂಬುದು ಇನ್ನೊಂದು ಪ್ರಶ್ನೆ. 1761ರಲ್ಲಿ ಪಶ್ಚಿಮ ಆಫ್ರಿಕದಿಂದ ಬಾಸ್ಟನ್ನಿಗೆ ತಂದು ಮಾರಲ್ಪಟ್ಟ ಬಾಲಕಿ ಫಿಲಿಸ್ ವೀಟ್ಲಿ ಇಂಗ್ಲಿಷಿನಲ್ಲಿ ಕವಿಯಾಗಿ ಬೆಳೆದಳು. ಆಕೆಯ ಸಂಕಲನ ಅಚ್ಚಾದುದು ಬಾಸ್ಟನ್ನಿನಲ್ಲಲ್ಲ, 1773ರಲ್ಲಿ ಲಂಡನ್ನಿನಲ್ಲಿ. ಕವಿತೆಗಳು ಆಕೆಯವೇ ಎಂದು ಬಾಸ್ಟನ್ನಿನ 18 ಮಂದಿ ಗಣ್ಯರು ಸಹಿಮಾಡಿದ ಪ್ರಮಾಣಪತ್ರ ಗ್ರಂಥದ ಆದಿಯಲ್ಲಿದೆ. ವೈಚಾರಿಕ ಯುಗದ ಪ್ರತಿನಿಧಿಯೆನಿಸಿದ ಜೆಫರ್ಸನ್ ತನ್ನ ‘ನೋಟ್ಸ್ ಆನ್ ದಿ ಸ್ಟೇಟ್ ಆಫ್ ವರ್ಜೀನಿಯ’ದಲ್ಲಿ ಆಕೆಯ ಕವಿತೆಗಳು ವಿಮರ್ಶೆಗೂ ಯೋಗ್ಯವಲ್ಲವೆಂಬ ಧಾಟಿಯಲ್ಲಿ ಬರೆದನು. ವಿಚಾರಶಕ್ತಿ ಎಲ್ಲ ಮನುಷ್ಯರಿಗೂ ಸಮಾನವೆಂದು ಸಾರಿದ ಯುಗ, ಅದನ್ನು ರುಜುವಾತುಪಡಿಸಲು ಒಬ್ಬಳಿಂದ ಮಾತ್ರ ಸಾಕ್ಷಿ ಕೇಳಿತು. ಆ ಪ್ರಮಾಣಪತ್ರವನ್ನು ಓದದೆ ವೈಚಾರಿಕ ಯುಗವನ್ನು ಬೋಧಿಸಿದರೆ ಅರ್ಧವನ್ನಷ್ಟೇ ಬೋಧಿಸಿದಂತಾಗುತ್ತದೆ.

ಕನ್ನಡ ಮಧ್ಯಕಾಲೀನ ಸಾಹಿತ್ಯದ ಅಧ್ಯಯನ ಮಾಡುವವರಿಗೆ ಈ ಪ್ರಶ್ನೆಗಳು ಅಪರಿಚಿತವಲ್ಲ. 12ನೆಯ ಶತಮಾನದ ವಚನಗಳು ಬಹುಮಟ್ಟಿಗೆ 15ನೆಯ ಶತಮಾನದ ಮತ್ತು ಅನಂತರದ ಸಂಕಲನಕಾರರ ಮೂಲಕ ನಮಗೆ ದೊರೆತಿವೆ, ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ 1923ರಲ್ಲಿ ಅವುಗಳಿಗೆ ಹೊಸ ಓದುಗವರ್ಗವನ್ನು ದೊರಕಿಸಿತು. ಆದರೆ ಸಾಮ್ಯವನ್ನು ಇಲ್ಲಿಗೇ ನಿಲ್ಲಿಸಬೇಕು. ವಚನಗಳು ಅಚ್ಚಾಗುವ ಮೊದಲೂ ಮಠಗಳಲ್ಲಿ ಪ್ರತಿಯಾಗುತ್ತ, ಟೀಕೆಗೊಳಗಾಗುತ್ತ, ಹಾಡಲ್ಪಡುತ್ತ ಬಂದವು. ಟೇಲರ್‌ನ ಹಸ್ತಪ್ರತಿಗೆ ಅಂಥ ಬಳಗವಿರಲಿಲ್ಲ. ಇಲ್ಲಿ ಓಲೆಗರಿಯೇ ಪ್ರಸಾರದ ಸಾಧನ; ಅಲ್ಲಿ ಅಚ್ಚಾಗದಿದ್ದುದು ಎರಡು ಶತಮಾನಗಳ ಮೌನ.

ಹೊರನಾಡಿನ ಕನ್ನಡ ವಿಭಾಗಗಳಲ್ಲಿ ತೌಲನಿಕ ಅಧ್ಯಯನವನ್ನು ಕೈಗೊಳ್ಳುವವರು ವಚನಕಾರರನ್ನು ಪ್ಯೂರಿಟನ್ನರೊಡನೆಯೋ ಅತೀಂದ್ರಿಯವಾದಿಗಳೊಡನೆಯೋ ಇಟ್ಟು ನೋಡುವುದು ಸಹಜವೇ. ಸಮಾನ ಆಶಯಗಳ ಪಟ್ಟಿ ಸುಲಭವಾಗಿ ದೊರೆಯುತ್ತದೆ. ಅದಕ್ಕೆ ಮುನ್ನ ಪ್ರತಿಯೊಂದು ಕೃತಿಯ ವಿಷಯದಲ್ಲಿಯೂ ಅದು ಯಾವಾಗ ರಚಿತವಾಯಿತು, ಯಾರ ಕೈಯಲ್ಲಿತ್ತು, ಯಾವಾಗ ಯಾರು ಅದಕ್ಕೆ ಯುಗದ ಹೆಸರಿಟ್ಟರು ಎಂಬ ಮೂರು ಪ್ರಶ್ನೆಗಳನ್ನು ಕೇಳಬೇಕಾಗಿದೆ. ಇವಕ್ಕೆ ದೊರೆಯುವ ಉತ್ತರಗಳೇ ಎಷ್ಟೋ ವೇಳೆ ಹೋಲಿಕೆಗಿಂತ ಹೆಚ್ಚಿನದನ್ನು ತಿಳಿಸುತ್ತವೆ.