ಸವರಿದರೆ ಸಿಗುವ ಗಂಧ

ಕಡಬ ತಾಲೂಕಿನ ಕೋಡಿಂಬಾಳದ ಕಡೆ ಬಚ್ಚಲು ನೀರು ಹರಿಯುವಲ್ಲಿ ಒಂದು ಬುಡ ಸಾಂಬ್ರಾಣಿ ಸೊಪ್ಪು, ಅದರ ಆಚೆ ಮಜ್ಜಿಗೆಹುಲ್ಲಿನ ಒಂದು ಪೊದೆ ಇದ್ದರೆ ಗಂಧದ ಪಾಠಕ್ಕೆ ಅಷ್ಟೇ ಸಾಕು. ಘಟ್ಟದ ಮೇಲಿನವರು ದೊಡ್ಡಪತ್ರೆ ಎನ್ನುವ ಸಾಂಬ್ರಾಣಿಯ ಎಲೆಯನ್ನು ಬೆರಳ ತುದಿಯಿಂದ ಮೆಲ್ಲಗೆ ಸವರಿದೊಡನೆ ಓಮದಂಥ ಘಾಟು ಮೂಗಿಗೆ ಹತ್ತುತ್ತದೆ. ಮಜ್ಜಿಗೆಹುಲ್ಲು ಹಾಗಲ್ಲ. ಸವರಿದರೆ ಗರಿಯ ಚೂಪು ಅಂಚು ಬೆರಳಿಗೆ ತಾಗುತ್ತದೆ, ಪರಿಮಳ ಏಳುವುದಿಲ್ಲ. ಅದನ್ನು ಮಡಚಿ ಮುರಿಯಬೇಕು.

ಎಣ್ಣೆ ಎರಡರಲ್ಲೂ ಇದೆ, ಇರುವ ಜಾಗ ಬೇರೆ. ಮಜ್ಜಿಗೆಹುಲ್ಲು, ವೀಳ್ಯದೆಲೆ, ದಾಲ್ಚಿನ್ನಿ, ಶುಂಠಿ ತಮ್ಮ ಎಣ್ಣೆಯನ್ನು ಒಳಗಿನ ಬಿಡಿ ಕೋಶಗಳಲ್ಲಿ ಇಟ್ಟುಕೊಳ್ಳುತ್ತವೆ. ಲಿಂಬೆ ಮತ್ತು ಕರಿಬೇವಿನದು ಎಲೆಯೊಳಗಿನ ಪುಟ್ಟ ಕುಳಿಗಳಲ್ಲಿ. ಲಿಂಬೆ ಎಲೆಯನ್ನು ಬಿಸಿಲಿಗೆ ಹಿಡಿದರೆ ಆ ಕುಳಿಗಳು ಬೆಳಕಿನ ಚುಕ್ಕಿಗಳಾಗಿ ಕಾಣುತ್ತವೆ. ಸಾಂಬ್ರಾಣಿ, ತುಳಸಿ, ಪುದೀನ, ಮರುಗ ಇವುಗಳದ್ದು ಒಂದೇ ಕುಟುಂಬ. ಇವು ಎಣ್ಣೆಯನ್ನು ಮೈಮೇಲಿನ ರೋಮಗಳಲ್ಲಿ ಹೊತ್ತಿರುತ್ತವೆ.

ಹತ್ತು ಪಟ್ಟು ಹಿಗ್ಗಿಸುವ ಮಸೂರ ಕೈಯಲ್ಲಿದ್ದರೆ ತುಳಸಿ ಎಲೆಯ ಅಡಿಭಾಗ ನೋಡಬೇಕು. ಚೂಪಾದ ಸಾಮಾನ್ಯ ರೋಮಗಳ ನಡುವೆ ಹೊಳೆಯುವ ಸಣ್ಣ ಸಣ್ಣ ಚುಕ್ಕಿಗಳು ಹರಡಿರುತ್ತವೆ. ಒಂದೊಂದೂ ಮಿಲಿಮೀಟರಿನ ಹತ್ತನೇ ಒಂದು ಪಾಲಿಗಿಂತ ಕಿರಿದು. ಗಿಡ್ಡ ಕಾಂಡದ ಮೇಲೆ ತುಳಸಿ ಬಳಗದಲ್ಲಿ ನಾಲ್ಕು, ಪುದೀನದಲ್ಲಿ ಎಂಟು ಕೋಶಗಳ ತಲೆ. ಆ ಕೋಶಗಳು ಎಣ್ಣೆಯನ್ನು ತಯಾರಿಸಿ ಹೊರಕ್ಕೆ ದಾಟಿಸುತ್ತವೆ. ಮೇಲಿನ ಮೇಣದಂಥ ಹೊರಪೊರೆ ಅದರ ಒತ್ತಡಕ್ಕೆ ಕೋಶಭಿತ್ತಿಯನ್ನು ಬಿಟ್ಟು, ಕಾದ ಎಣ್ಣೆಗೆ ಬಿದ್ದ ಹಪ್ಪಳದ ಗುಳ್ಳೆಯಂತೆ ಉಬ್ಬುತ್ತದೆ. ಎಣ್ಣೆ ನಿಲ್ಲುವುದು ಆ ಉಬ್ಬಿನೊಳಗೆ. ಹುಳಕ್ಕೂ ಬೂಸ್ಟಿಗೂ ವಿಷವಾದ ಈ ದ್ರವ ಗಿಡದ ಸ್ವಂತ ಕೋಶಗಳಿಗೂ ಹಿತವಲ್ಲ. ಅದನ್ನು ತಯಾರಿಸಿದ ಕೂಡಲೇ ಹೊರಗೆ ಹಾಕುವ ಈ ಏರ್ಪಾಟು ನಿಜಕ್ಕೂ ಅದ್ಭುತ.

ಇದನ್ನು ಅತ್ಯಂತ ವಿವರವಾಗಿ ತಿಳಿದಿರುವುದು ಪುದೀನದ ಬಳಗದ ಪೆಪ್ಪರ್‌ಮಿಂಟ್‌ನಲ್ಲಿ. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ರಾಡ್ನಿ ಕ್ರೋಟೊ ಮತ್ತು ಸಂಗಡಿಗರು ಎಣ್ಣೆ ತಯಾರಿಸುವ ಈ ರೋಮಗಳನ್ನೇ, ಅಂದರೆ ಗ್ರಂಥಿಗಳನ್ನೇ, ಎಲೆಯಿಂದ ಬೇರ್ಪಡಿಸಿ, ಮೆಂಥಾಲ್ ಆಗುವ ಒಂದೊಂದು ಹೆಜ್ಜೆಯನ್ನೂ ಹಿಡಿದರು. ಗ್ರಂಥಿಯ ತಲೆಯಲ್ಲಿ ಹಸಿರಿಲ್ಲ, ತನ್ನ ಅನ್ನವನ್ನು ಅದು ಬೇಯಿಸಿಕೊಳ್ಳಲಾರದು. ಎಲೆ ಕಳಿಸಿದ ಸಕ್ಕರೆಯೇ ಅದರ ಕಚ್ಚಾ ಮಾಲು. ಕೋಶದೊಳಗಿನ ಬಣ್ಣವಿಲ್ಲದ ಕಣಗಳಾದ ಲ್ಯೂಕೋಪ್ಲಾಸ್ಟ್‌ಗಳಲ್ಲಿ ಮೊದಲು ಲಿಮೊನೀನ್ ಹುಟ್ಟುತ್ತದೆ. ಅಲ್ಲಿಂದ ಅದು ಕೋಶದ ಬೇರೆ ಬೇರೆ ಭಾಗಗಳಲ್ಲಿ ಹಾದು, ರೂಪ ಬದಲಿಸುತ್ತ ಮೆಂಥಾಲ್ ಆಗುತ್ತದೆ. 2000ದಲ್ಲಿ ಅವರು ಪ್ರಕಟಿಸಿದ ಲೆಕ್ಕದಂತೆ ಎಲೆಗೆ 12ರಿಂದ 20 ದಿನ ವಯಸ್ಸಾದಾಗ ಮಾತ್ರ ಈ ತಯಾರಿ ಭರದಿಂದ ನಡೆಯುತ್ತದೆ. ಬುಡದ ದೊಡ್ಡೆಲೆ ಕೊಯ್ಯುವವರು ಇದನ್ನು ಗಮನಿಸಬೇಕು. ಎಳೆಯದರಲ್ಲಿ ಗ್ರಂಥಿಗಳು ಒತ್ತೊತ್ತಾಗಿರುತ್ತವೆ, ಎಲೆ ಹಿಗ್ಗಿದಂತೆ ದೂರ ದೂರ ಸರಿಯುತ್ತವೆ.

ಗಂಧ ನೋಡುವವರು ಇಂಥ ರೋಮಗ್ರಂಥಿಗಳ ಎಲೆಯನ್ನು ಹೊಸಕುವ ಅಭ್ಯಾಸ ಬಿಟ್ಟರೆ ಒಳ್ಳೆಯದು. ಹೊಸಕಿದಾಗ ಒಳಗಿನ ಕೋಶಗಳೂ ಒಡೆಯುತ್ತವೆ, ಆಗ ಹುಲ್ಲು ಕತ್ತರಿಸಿದಾಗ ಬರುವಂಥ ಹಸಿ ವಾಸನೆ ಹೊಸದಾಗಿ ಹುಟ್ಟುತ್ತದೆ. ಗಾಯವಾಗುವವರೆಗೆ ಅದು ಎಲೆಯಲ್ಲಿ ಇರಲೇ ಇಲ್ಲ. ಸವರಿದಾಗ ಒಡೆಯುವುದು ಮೇಲಿನ ಗುಳ್ಳೆಗಳು ಮಾತ್ರ, ಅಚ್ಚ ಎಣ್ಣೆಯ ಪರಿಚಯ ಆಗುವುದು ಆಗಲೇ.

ಹೀಗೆ ನೋಡುತ್ತ ಹೋದರೆ ಸಂಬಂಧಗಳು ತೆರೆದುಕೊಳ್ಳುತ್ತವೆ. ಸಾಂಬ್ರಾಣಿಯ ಘಾಟಿಗೆ ಕಾರಣ ಕಾರ್ವಕ್ರಾಲ್ ಮತ್ತು ಥೈಮಾಲ್. ಓಮದಲ್ಲೂ ಥೈಮಾಲ್ ಇದೆ, ಆದರೆ ಓಮ ಕೊತ್ತಂಬರಿಯ ಕುಟುಂಬದ್ದು, ಎಣ್ಣೆಯನ್ನು ಕಾಳಿನೊಳಗಿನ ನಾಳಗಳಲ್ಲಿ ಇಡುವಂಥದ್ದು. ತುಳಸಿಯಲ್ಲಿ ಲವಂಗದ ಯೂಜಿನಾಲ್, ಕರ್ಪೂರ ತುಳಸಿಯಲ್ಲಿ ಹೆಸರಿಗೆ ತಕ್ಕಂತೆ ಕರ್ಪೂರ. ಯೂಜಿನಾಲ್ ತಯಾರಿಯ ಕೊನೆಯ ಹೆಜ್ಜೆಯ ಕಿಣ್ವವನ್ನು 2006ರಲ್ಲಿ ಗುರುತಿಸಿದ್ದು ಕಾಮಕಸ್ತೂರಿ ಮತ್ತು ಪೆಟೂನಿಯಾಗಳಲ್ಲಿ.

ಇದೇ ಬಳಗದ ಪಚ್ಚೆತೆನೆ ಮಾತ್ರ ನಿಯಮಕ್ಕೆ ಪೂರ್ತಿ ಸಿಗದ ಗಿಡ. ಅದಕ್ಕೆ ಮೈಮೇಲೆಯೂ ಎಲೆಯ ಒಳಗೂ ಗ್ರಂಥಿಗಳಿವೆ. ಎಣ್ಣೆ ತೆಗೆಯುವವರು ಎಲೆಯನ್ನು ಮೊದಲು ಒಣಗಿಸುವುದರ ಹಿಂದೆ ಇದೂ ಒಂದು ಕಾರಣ.

ಕರ್ನಾಟಕದ ಹೆಮ್ಮೆಯ ದವನ ಬೇರೆಯೇ ಕುಟುಂಬದ್ದಾದರೂ ರೋಮಗ್ರಂಥಿಗಳ ಗಿಡವೇ. ವಿಟ್ಲದ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಕೇಂದ್ರದಲ್ಲಿ ದವನ, ಕಾಮಕಸ್ತೂರಿ, ಮಜ್ಜಿಗೆಹುಲ್ಲುಗಳನ್ನು ಅಡಿಕೆ ಮರಗಳ ನಡುವೆ ಬೆಳೆಸಿ ನೋಡಿದ್ದಾರೆ. ದವನದ ಹತ್ತಿರದ ನೆಂಟ ಆರ್ಟಿಮಿಸಿಯಾ ಆನ್ಯುವಾ ಗ್ರಂಥಿಗಳಲ್ಲಿ ಆರ್ಟಿಮಿಸಿನಿನ್ ಇಡುತ್ತದೆ. ಆ ಮಲೇರಿಯಾ ಮದ್ದನ್ನು ಕಂಡುಕೊಂಡ ಚೀನಾದ ತು ಯುಯು ಅವರಿಗೆ 2015ರಲ್ಲಿ ನೊಬೆಲ್ ಬಂತು.

ಅಡುಗೆಮನೆಯಲ್ಲಿ ಈ ಗುಳ್ಳೆಗಳ ಮರ್ಯಾದೆ ಕಾಯುವುದು ತಂಬುಳಿ. ಸಾಂಬ್ರಾಣಿ ಎಲೆಯನ್ನು ತುಪ್ಪದಲ್ಲಿ ಬಾಡಿಸುವಾಗ ಒಡೆದ ಗ್ರಂಥಿಯ ಎಣ್ಣೆ ಕೊಬ್ಬಿಗೆ ಇಳಿಯುತ್ತದೆ, ನೀರಿನಲ್ಲಿ ಅದು ಅಷ್ಟು ಕರಗದು. ಬಣ್ಣ ತಿರುಗಿದ ಕೂಡಲೇ ಇಳಿಸಿ, ಕಾಯಿತುರಿ, ಜೀರಿಗೆ, ಕಾಳುಮೆಣಸು ಹಾಕಿ ಅರೆದು ಮಜ್ಜಿಗೆಗೆ ಬೆರೆಸುವುದು; ಮತ್ತೆ ಕುದಿಸಿದರೆ ಗಂಧ ಆವಿಯ ಜೊತೆ ಹೋಗುತ್ತದೆ. ಎಲೆ ಕೊಯ್ಯುವಾಗ ತೊಟ್ಟನ್ನು ಹಿಡಿದು ಚಿವುಟಬೇಕು, ತೊಳೆಯುವಾಗ ತಿಕ್ಕದೆ ನೀರಿನಲ್ಲಿ ಅದ್ದಿ ತೆಗೆಯಬೇಕು.