ಉಪಕಥೆ ಏನನ್ನು ಕಸಿಯಿತು?

ಕಳೆದ ವಾರದ ಮಾತು ನೆನಪಿದೆ. ಸ್ಟಾರ್‌ಫೀಲ್ಡ್‌ನ ‘ಶ್ಯಾಟರ್ಡ್ ಸ್ಪೇಸ್’ ಡಿಎಲ್‌ಸಿಯ, ಅಂದರೆ ಮೂಲ ಆಟಕ್ಕೆ ಆಮೇಲೆ ಸೇರಿಸುವ ಉಪಕಥೆಯ, ಗುಣದೋಷ ಬರೆಯುತ್ತೇನೆ ಅಂದಿದ್ದೆ. ಆದರೆ ಸೆಕೆಂಡ್ ಶಿಫ್ಟ್ ಮುಗಿಸಿ ರೂಮಿಗೆ ಬಂದು, ಕೈಗಂಟಿದ ಕೂಲೆಂಟ್ ವಾಸನೆ ಹೋಗುವಷ್ಟು ಸೋಪು ತಿಕ್ಕಿ ಕುಳಿತರೆ, ಆ ಆಟ ತೆರೆಯಲು ಮನಸ್ಸೇ ಬರಲಿಲ್ಲ. ಸೈಬರ್‌ಪಂಕ್ 2077 ತೆರೆದೆ. ಅದರ ಡಿಎಲ್‌ಸಿ ‘ಫ್ಯಾಂಟಮ್ ಲಿಬರ್ಟಿ’ಯ ಮೂರನೇ ಸುತ್ತು ಅರ್ಧಕ್ಕೆ ನಿಂತಿತ್ತು. ಎರಡು ಗಂಟೆಗೆ ಮಲಗಬೇಕು ಅಂದುಕೊಂಡವನು ಹಾಲಿನವನು ಬೆಲ್ ಒತ್ತಿದಾಗ ಎದ್ದೆ. ಹಾಗಾಗಿ ಈ ವಾರ ಇದೇ. ಶ್ಯಾಟರ್ಡ್ ಸ್ಪೇಸ್‌ಗೆ ಒಂದು ಪ್ಯಾರಾ ಸಿಗುತ್ತದೆ, ಅದೂ ಬೈಯಲಿಕ್ಕೆ.

ಮೊದಲು ಒಂದು ಪಾರ್ಸಲ್ ಕತೆ. 2023ರ ಸೆಪ್ಟೆಂಬರ್ 26ಕ್ಕೆ ಫ್ಯಾಂಟಮ್ ಲಿಬರ್ಟಿ ಬಂದಾಗ ನನ್ನ ಕಂಪ್ಯೂಟರಿನಲ್ಲಿದ್ದದ್ದು ಗಿರಗಿರ ತಿರುಗುವ ಹಳೇ ಹಾರ್ಡ್ ಡಿಸ್ಕ್. ಸಿಡಿ ಪ್ರೊಜೆಕ್ಟ್ ರೆಡ್‌ನವರು ಆ ಹೊತ್ತಿಗೆ ಎಸ್‌ಎಸ್‌ಡಿ ಇರಲೇಬೇಕು ಅಂತ ಕಟ್ಟಪ್ಪಣೆ ಮಾಡಿಬಿಟ್ಟಿದ್ದರು. ತರಿಸಿದೆ. ವಿಳಾಸದಲ್ಲಿ ಅಂಬಡ್ ಎಂದು ದೊಡ್ಡದಾಗಿ ಬರೆದೆ, ತಪ್ಪಾಯಿತು. ಮಹಾರಾಷ್ಟ್ರದಲ್ಲಿ ಅಂಬಡ್ ಎರಡಿವೆ. ನಾನಿರುವುದು ನಾಸಿಕ್‌ನದು: ಎಂಐಡಿಸಿ ಶೆಡ್ಡುಗಳು, ಪಕ್ಕದಲ್ಲೇ ಸಿಡ್ಕೊ ಕಾಲೊನಿ. ಇನ್ನೊಂದು ಛತ್ರಪತಿ ಸಂಭಾಜಿನಗರವನ್ನೂ ದಾಟಿ, ಜಾಲ್ನಾ ಜಿಲ್ಲೆಯಲ್ಲಿರುವ ತಾಲ್ಲೂಕು ಊರು. ಕೊರಿಯರ್ ಹುಡುಗ ಫೋನ್ ಮಾಡಿ ಮರಾಠಿಯಲ್ಲಿ, “ಮತ್ಸ್ಯೋದರಿ ದೇವಿ ಗುಡಿ ಹತ್ತಿರ ನಿಂತಿದ್ದೇನೆ ಸಾಹೇಬ್ರೇ, ನೀವೆಲ್ಲಿ?” ಅಂದ. ನಮ್ಮ ಕಡೆ ಆ ಗುಡಿ ಇಲ್ಲವಪ್ಪಾ ಎಂದು ತಿಳಿಸಿ ಹೇಳುವಷ್ಟರಲ್ಲಿ ಅವನ ಬ್ಯಾಟರಿ ಮುಗಿಯಿತು. ಡಬ್ಬಿ ನನ್ನ ಕೈಸೇರಲು ಎಂಟು ದಿನ ಹಿಡಿಯಿತು.

ಆ ಎಂಟು ದಿನ ಏನು ಮಾಡಿದೆ? ಹಳೇ ಡಿಸ್ಕಿಗೆ ಹೊಂದುವ ಹಳೇ ಆಟ ಹಾಕಿಕೊಂಡೆ: ಫಾಲ್‌ಔಟ್ ನ್ಯೂ ವೇಗಾಸ್, ಅದರ ‘ಡೆಡ್ ಮನಿ’. 2010ರ ಡಿಸೆಂಬರಿನದು, ಅಬ್ಸಿಡಿಯನ್ ಕಂಪನಿಯ ಕೈಕೆಲಸ. ಈ ಅಂಕಣದ ಖಾಯಂ ಗಿರಾಕಿಗಳು ‘ಮತ್ತೆ ಶುರುವಾಯ್ತು’ ಎಂದು ಪುಟ ತಿರುಗಿಸಬಹುದು. ನಾನಂತೂ ನಿಲ್ಲಿಸುವವನಲ್ಲ.

ಮೂವತ್ತು ತಾಸು ಮರುಭೂಮಿ ಅಲೆದು ಗಳಿಸಿದ ಬಂದೂಕು, ಕವಚ, ಔಷಧ, ಎಲ್ಲ ಹೊತ್ತುಕೊಂಡು ಒಂದು ರೇಡಿಯೊ ದನಿಯ ಬೆನ್ನು ಹತ್ತಿ ಹೋಗುತ್ತೀರಿ. ಸಿಯೆರಾ ಮಾದ್ರೆ ಎಂಬ ಕ್ಯಾಸಿನೊ ಕರೆಯುತ್ತಿದೆ. ಬಾಗಿಲು ದಾಟಿದ್ದೇ ಕಣ್ಣು ಕತ್ತಲೆ. ಎಚ್ಚರವಾದಾಗ ಮೈಮೇಲಿನದೂ ಹೋಗಿದೆ, ಕತ್ತಿಗೆ ಬಾಂಬ್ ಪಟ್ಟಿ ಬಿದ್ದಿದೆ. ಎಲೈಜಾ ಎಂಬ ಮುದುಕ ಹೊಲೊಗ್ರಾಮಿನಲ್ಲಿ ನಿಂತು ಹುಕುಂ ಮಾಡುತ್ತಾನೆ: ಇನ್ನೂ ಮೂವರಿದ್ದಾರೆ, ಕೂಡಿಸು, ಖಜಾನೆ ಒಡೆ. ಒಬ್ಬ ಸತ್ತರೆ ನಾಲ್ವರ ಪಟ್ಟಿಯೂ ಸಿಡಿಯುತ್ತದೆ. ಸುತ್ತ ಕೆಂಪು ವಿಷದ ಮೋಡ. ಎಲ್ಲೋ ಮೂಲೆಯಲ್ಲಿ ರೇಡಿಯೊ ಗುರುಗುಟ್ಟಿದರೆ ಕತ್ತಿನ ಪಟ್ಟಿ ಬೀಪ್ ಬೀಪ್ ಎನ್ನುತ್ತದೆ. ಅದನ್ನು ಹುಡುಕಿ ಆರಿಸಬೇಕು, ಇಲ್ಲವೆ ಓಡಬೇಕು. ಅಷ್ಟು ದೊಡ್ಡ ಶೂರ ಗೋಡೆಗೆ ಬೆನ್ನು ಹಚ್ಚಿ, ಒಂದು ಹಾಳು ರೇಡಿಯೊ ಎಲ್ಲಿದೆ ಅಂತ ಕಿವಿಗೊಟ್ಟು ನಿಲ್ಲುತ್ತಾನೆ. ಕಡೆಗೆ ಖಜಾನೆ ತೆರೆದರೆ ಮೂವತ್ತೇಳು ಚಿನ್ನದ ಗಟ್ಟಿ. ಒಂದೊಂದು 35 ಪೌಂಡ್, ಅಂದರೆ ಹದಿನಾರು ಕಿಲೊ. ಒಟ್ಟು ಆರು ಕ್ವಿಂಟಲ್‌ಗೆ ಹತ್ತಿರ. ಸಾಮಾನ್ಯ ಪಾತ್ರ ಹೊರುವುದು ಐದೋ ಆರೋ. ಉಳಿದದ್ದನ್ನು ಬಿಟ್ಟು ಬಾ ಎನ್ನುವುದೇ ಇಡೀ ಕತೆ. ಆ ಮೂವತ್ತೇಳನ್ನೂ ಕಳ್ಳದಾರಿಯಲ್ಲಿ ಸಾಗಿಸಿ ಬೀಗುವ ಜನ ಇದ್ದಾರೆ. ಮೊದಲ ಸಲ ನಾನೂ ಸಾಗಿಸಿದ್ದೆ. ಆಮೇಲೆ ಅಷ್ಟು ಚಿನ್ನಕ್ಕೆ ಕೊಳ್ಳುವವರೇ ಸಿಗಲಿಲ್ಲ, ಪೆಟ್ಟಿಗೆಯಲ್ಲಿಟ್ಟು ಮರೆತೆ.

ನನ್ನ ತಕರಾರು ಇಲ್ಲಿಂದ ಶುರು. ಡಿಎಲ್‌ಸಿ ಎಂದರೆ ಕೊಡುವುದು ಎಂದೇ ಎಲ್ಲರ ಲೆಕ್ಕ: ಎಷ್ಟು ತಾಸು, ಎಷ್ಟು ಬಂದೂಕು, ಮ್ಯಾಪ್ ಎಷ್ಟು ಅಗಲ. ಈ ಲೆಕ್ಕವನ್ನು ಹುಟ್ಟಿಸಿದ್ದು 2006ರಲ್ಲಿ ಅಬ್ಲಿವಿಯನ್ ಆಟದ ಕುದುರೆ ಕವಚ. ಎರಡೂವರೆ ಡಾಲರಿಗೆ ಕುದುರೆಗೊಂದು ಅಂಗಿ. ಜಗತ್ತೆಲ್ಲ ನಕ್ಕಿತು, ಆಮೇಲೆ ಜಗತ್ತೆಲ್ಲ ಕೊಂಡಿತು. 2012ರಲ್ಲಿ ಮಾಸ್ ಎಫೆಕ್ಟ್ 3 ಬಂದ ದಿನವೇ ‘ಫ್ರಮ್ ಆ್ಯಶಸ್’ ಬೇರೆ ಬೆಲೆಗೆ ಬಂತು. ಮೂರು ಆಟಗಳುದ್ದಕ್ಕೂ ನಿರ್ವಂಶವಾದರೆಂದು ಕೇಳಿಸಿಕೊಂಡ ಪ್ರೋಥಿಯನ್ನರಲ್ಲಿ ಬದುಕಿ ಉಳಿದ ಒಬ್ಬನೇ ಒಬ್ಬ, ಜಾವಿಕ್, ಅದರೊಳಗೆ. ಎಲೆಗೆ ಬಡಿಸಬೇಕಾದ ಹೋಳಿಗೆಯನ್ನು ಒಳಗಿಟ್ಟು, ಇದಕ್ಕೆ ದುಡ್ಡು ಬೇರೆ ಎಂದ ಹಾಗೆ. ಜಾವಿಕ್ ಒಳ್ಳೆಯ ಪಾತ್ರ ಎಂಬುದೇ ಸಿಟ್ಟಿನ ಕಾರಣ.

ಶ್ಯಾಟರ್ಡ್ ಸ್ಪೇಸ್ ಪ್ಯಾರಾ ಇದೇ. ಸಾವಿರಕ್ಕೂ ಹೆಚ್ಚು ಗ್ರಹ ಎಂದು ಡಂಗುರ ಹೊಡೆದ ಆಟ, 2024ರ ಸೆಪ್ಟೆಂಬರ್ 30ಕ್ಕೆ ವಿಸ್ತರಣೆ ತಂದಾಗ ಕತೆಯನ್ನು ವರೂನ್‌ಕಾಯ್ ಎಂಬ ಒಂದೇ ಗ್ರಹಕ್ಕೆ ಇಳಿಸಿತು. ‘ಅಗಲವಿದ್ದರೆ ಆಳ ತಾನೇ ಬರುತ್ತದೆ’ ಎಂದು ನನ್ನೊಡನೆ ಜಗಳವಾಡುತ್ತಿದ್ದ ಬಳಗ ಇದನ್ನು ಗಮನಿಸಲಿ. ದಾಜ್ರಾ ಊರು ನೋಡಲು ಚೆಂದ, ಆ ನೇರಳೆ ಬೆಳಕಿನ ಭೀತಿಯೂ ಚೆಂದ. ಆದರೆ ಹಡಗು, ಬಂದೂಕು ಎಲ್ಲ ಇಟ್ಟುಕೊಂಡೇ ಒಳಗೆ ಹೋಗುತ್ತೀರಿ, ಇನ್ನಷ್ಟು ತುಂಬಿಕೊಂಡು ಹೊರಗೆ ಬರುತ್ತೀರಿ. ನಿನ್ನೆ ಬಂದವನ ಕೈಗೆ ಊರಿನ ಹಣೆಬರಹ ಕೊಡುತ್ತಾರೆ, ಜೊತೆಗೆ ಮನೆಮನೆಯ ಚಾಕರಿಯನ್ನೂ. ವರೂನ್ ಮನೆತನದವಳೇ ಆದ ಆಂಡ್ರೇಜಾಳನ್ನು ಕರೆದುಕೊಂಡು ಹೋದರೆ, ತವರಿಗೆ ಬಂದವಳ ಕಳವಳವಾಗಲಿ ಸಂಭ್ರಮವಾಗಲಿ ಅವಳ ಮುಖದಲ್ಲಿ ನನಗೆ ಕಾಣಲಿಲ್ಲ. ಸಾಕು.

ಉಪಕಥೆ ಮಾಡುವುದು ನಮಗೆ ಹೊಸದಲ್ಲ. ಕುಮಾರವ್ಯಾಸ ಗದಾಪರ್ವಕ್ಕೆ, ಹತ್ತು ಪರ್ವಕ್ಕೆ ನಿಲ್ಲಿಸಿದ. ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಅದೇ ಭಾಮಿನಿ ಷಟ್ಪದಿಯಲ್ಲಿ ಪೂರೈಸಿದ. ಬಾಲಕ್ಕೆ ಕಟ್ಟಿದ ವಿಸ್ತರಣೆ. ನಿಷ್ಠೆಯ ಕೆಲಸ, ಆದರೆ ಗದುಗಿನ ಭಾರತ ಹಾಡಿಸುವ ಊರುಗಳಲ್ಲಿ ತಿಮ್ಮಣ್ಣನನ್ನು ಕೇಳಿದವರು ಎಷ್ಟು ಮಂದಿ? ಲಕ್ಷ್ಮೀಶ ಜಾಣ. ಅಶ್ವಮೇಧದ ಕುದುರೆಯೊಂದನ್ನೇ ಹಿಡಿದು, ಷಟ್ಪದಿಯನ್ನೂ ವಾರ್ಧಕಕ್ಕೆ ಬದಲಿಸಿ, ಸ್ವಂತ ಕಾಲಮೇಲೆ ನಿಲ್ಲುವ ಜೈಮಿನಿ ಭಾರತ ಕಟ್ಟಿದ.

ಮೂರನೆಯ ಬಗೆ ಹೊಟ್ಟೆಯೊಳಗೆ ಕೂರುವಂಥದು. ವ್ಯಾಸಭಾರತದ ವನಪರ್ವದ ನಳೋಪಾಖ್ಯಾನ ತೆಗೆದುಕೊಳ್ಳಿ. ಜೂಜಿನಲ್ಲಿ ಎಲ್ಲ ಸೋತು ಕಾಡಿನಲ್ಲಿ ಕುಳಿತ ಧರ್ಮರಾಯ, ನನ್ನಷ್ಟು ಕೆಟ್ಟವನು ಯಾರಾದರೂ ಇದ್ದಾನೆಯೇ ಎಂದು ಬೃಹದಶ್ವ ಋಷಿಯನ್ನು ಕೇಳುತ್ತಾನೆ. ಇದ್ದಾನೆ, ಕೇಳು ಎಂದು ಋಷಿ ನಳನ ಕತೆ ಹೇಳುತ್ತಾನೆ. ರಾಜ್ಯ ಹೋಯಿತು. ಉಟ್ಟ ಬಟ್ಟೆಯೊಂದು ಉಳಿದಿತ್ತು. ಹಸಿದವನು ಹಕ್ಕಿ ಹಿಡಿಯಲು ಅದನ್ನೇ ಬೀಸಿದರೆ, ಹಕ್ಕಿಗಳು ಅದನ್ನೂ ಎತ್ತಿಕೊಂಡು ಹಾರಿದವು. ಆ ಹಕ್ಕಿಗಳೇ ದಾಳಗಳು! ಕತೆ ಮುಗಿದ ಮೇಲೆ ಬೃಹದಶ್ವ ಸುಮ್ಮನೆ ಎದ್ದು ಹೋಗುವುದಿಲ್ಲ. ಧರ್ಮರಾಯನಿಗೆ ಅಕ್ಷಹೃದಯ, ದಾಳದ ಮರ್ಮ, ಕಲಿಸಿ ಹೋಗುತ್ತಾನೆ. ಮುಂದೆ ವಿರಾಟನ ಆಸ್ಥಾನದಲ್ಲಿ ಕಂಕನಾಗಿ ಪಗಡೆ ಹಾಸುವವನು ಇದೇ ಧರ್ಮರಾಯ. ನಾಯಕನನ್ನು ಬೆತ್ತಲೆ ಮಾಡಿ, ಮೂಲಕತೆಗೆ ಒಂದು ವಿದ್ಯೆ ಕೊಟ್ಟು ಹೋಗುವ ಉಪಕಥೆ ಇದು.

ಫ್ಯಾಂಟಮ್ ಲಿಬರ್ಟಿ ಆ ಜಾತಿಯದು. ಮೂಲ ಆಟದ ನಡುವೆ, ಪೆಸಿಫಿಕಾದ ವೂಡೂ ಬಾಯ್ಸ್ ಕೆಲಸ ಮುಗಿದ ಮೇಲೆ ಕರೆ ಬರುತ್ತದೆ. ತಲೆಯೊಳಗಿನ ಚಿಪ್ಪಿನಿಂದ ಸಾಯುತ್ತಿರುವ ನಾಯಕ ವೀಗೆ ಸಾಂಗ್‌ಬರ್ಡ್ ಎಂಬವಳು ಆಸೆ ತೋರಿಸುತ್ತಾಳೆ: ಅಧ್ಯಕ್ಷೆ ಮೈಯರ್ಸ್‌ಳ ವಿಮಾನ ಡಾಗ್‌ಟೌನಿಗೆ ಬೀಳುತ್ತಿದೆ, ಅವಳನ್ನು ಉಳಿಸು, ನಿನ್ನನ್ನು ಉಳಿಸುತ್ತೇನೆ. ಮಿಕ್ಕದ್ದು ಗೂಢಚಾರಿಕೆ. ಇದ್ರಿಸ್ ಎಲ್ಬಾ ನಟಿಸಿದ ಸಾಲೊಮನ್ ರೀಡ್ ಅದರ ಬೆನ್ನೆಲುಬು. ದಣಿದ ಸರ್ಕಾರಿ ನೌಕರನ ದನಿ, ಪಿಂಚಣಿ ಕಚೇರಿಯ ಬೆಂಚಿನ ಮೇಲೆ ಕೂತವನ ಬೆನ್ನು. ಬ್ಲ್ಯಾಕ್ ಸಫಾಯರ್ ಪಾರ್ಟಿಯ ರೂಲೆಟ್ ಮೇಜನ್ನು ಮೂರು ಸುತ್ತಿನಲ್ಲೂ ನಾನು ಬೇಗ ಬಿಟ್ಟು ಎದ್ದಿಲ್ಲ. ಗುಂಡು ಹಾರುವುದಿಲ್ಲ. ಎದುರಿನ ಅವಳಿಗಳ ಮಾತಿನ ಧಾಟಿ ಹಿಡಿಯಬೇಕು, ಅಷ್ಟೇ. ಆದರೂ ಅಂಗೈ ಬೆವರುತ್ತದೆ.

ಕಸಿಯುವ ಕೆಲಸ ಎರಡು ಕಡೆ. ‘ಫೈರ್‌ಸ್ಟಾರ್ಟರ್’ ಎಂಬ ಘಟ್ಟದಲ್ಲಿ ಸಾಂಗ್‌ಬರ್ಡ್‌ಳನ್ನು ಬಿಟ್ಟು ರೀಡ್‌ನ ಪಕ್ಷ ಹಿಡಿದರೆ ಸೈನೋಷರ್ ಎಂಬ ನೆಲಮಾಳಿಗೆಗೆ ಇಳಿಯುತ್ತೀರಿ. ಅಲ್ಲಿ ಸೆರ್ಬರಸ್ ಯಂತ್ರದ ಮುಂದೆ ನಿಮ್ಮ ಬಂದೂಕು ಬಿದಿರು ಕೋಲು. ಐವತ್ತು ತಾಸಿನ ಬಿಲ್ಡ್ ಕೆಲಸಕ್ಕೆ ಬಾರದು. ಮೇಜಿನ ಕೆಳಗೆ ತೂರಿಕೊಳ್ಳಬೇಕು. 2014ರ ಏಲಿಯನ್: ಐಸೊಲೇಶನ್‌ನಿಂದ ಎತ್ತಿದ್ದು ಎಂದು ಆಕ್ಷೇಪಿಸುವವರಿದ್ದಾರೆ, ಹೌದು, ಎತ್ತಿದ್ದೇ. ಡೆಡ್ ಮನಿಯ ರೇಡಿಯೊ ಹುಡುಕಿದವನಿಗೆ ಅದು ಹಳೇ ನೆಂಟ.

ಎರಡನೆಯದು ‘ಟವರ್’ ಅಂತ್ಯ. ಮೂಲ ಆಟಕ್ಕೆ ಈ ವಿಸ್ತರಣೆ ಸೇರಿಸಿದ ಹೊಸ ಕೊನೆ. ಸಾಂಗ್‌ಬರ್ಡ್‌ಳನ್ನು ಸರ್ಕಾರಕ್ಕೆ ಒಪ್ಪಿಸಿದರೆ ವೀ ಬದುಕುತ್ತಾನೆ. ಎಚ್ಚರವಾಗುವುದು ಎರಡು ವರ್ಷದ ಮೇಲೆ. ಆ ಚಿಪ್ಪಿನಲ್ಲಿ ಜೊತೆಗಿದ್ದ ಜಾನಿ ಇಲ್ಲ. ಕಾದಾಟದ ಇಂಪ್ಲಾಂಟ್ ಇನ್ನೆಂದೂ ಹಾಕಿಸುವಂತಿಲ್ಲ. ಗೆಳೆಯರಿಗೆ ಫೋನ್ ಮಾಡಿದರೆ ಒಬ್ಬೊಬ್ಬರೂ ತಮ್ಮ ತಮ್ಮ ಬದುಕಿಗೆ ಹೋಗಿದ್ದಾರೆ. ಒಂದು ಕಾಲಕ್ಕೆ ಮಾಫಿಯಾಗಳನ್ನು ಒಬ್ಬನೇ ಮುಗಿಸಿದವನನ್ನು ಬೀದಿಯ ಪುಡಿ ಪುಂಡರು ಹೊಡೆದು ಕೆಡವುತ್ತಾರೆ. ನನ್ನ ರೂಮ್‌ಮೇಟ್, ಅಥಣಿ ಕಡೆಯ ಹುಡುಗ, ಕುರ್ಚಿ ಹಿಂದೆ ನಿಂತು ನೋಡುತ್ತಿದ್ದ. “ಅಲ್ಲೋ ಅಣ್ಣಾ, ಇಷ್ಟೆಲ್ಲಾ ಮಾಡಿ ಕಡೀಕ ಬಡಿಸ್ಕೊಳ್ಳೂದಾ? ಅದೂ ರೊಕ್ಕಾ ಕೊಟ್ಟು?” ಅಂದ. ಕೈಯಲ್ಲಿದ್ದ ಚಹಾ ಕುಡಿಯುವುದನ್ನು ಮರೆತಿದ್ದ.

ದೋಷ ಹೇಳದಿದ್ದರೆ ಅಂಕಣಕ್ಕೆ ಸಂಬಳ ಕೊಡುವುದಿಲ್ಲ. ಕಾರು ಕದ್ದು ತಂದೊಪ್ಪಿಸುವ ಗುತ್ತಿಗೆಗಳು ನಾಲ್ಕಕ್ಕೇ ಹಳಸುತ್ತವೆ. ಆಕಾಶದಿಂದ ಬೀಳುವ ಪೆಟ್ಟಿಗೆಗಳ ಸುತ್ತಲ ಕಾದಾಟವೂ ಅಷ್ಟೇ. ಪಾನಮ್, ಜೂಡಿಯಂಥ ಮೂಲ ಆಟದ ಜೀವಗಳಿಗೆ ಡಾಗ್‌ಟೌನಿನೊಳಗೆ ಜಾಗವೇ ಇಲ್ಲ. ಇಷ್ಟು ದೊಡ್ಡ ಸುದ್ದಿಯನ್ನು ಮನೆಯವರಿಗೆ ಹೇಳದ ಗಂಡಸಿನ ಹಾಗೆ ವೀ ತಿರುಗುತ್ತಾನೆ. ಮೈಯರ್ಸ್ ಮೊದಲ ಅಂಕದಲ್ಲಿ ಬಂದೂಕು ಹಿಡಿದು ಜೊತೆಗೆ ಓಡುವಾಗ ಮನುಷ್ಯಳು, ಆಮೇಲೆ ಬರೀ ಪರದೆಯ ಮೇಲಿನ ಮುಖ. ಸ್ಥಳೀಯ ಸೇನಾಧಿಪತಿ ಕರ್ಟ್ ಹ್ಯಾನ್ಸನ್‌ನನ್ನು ಕಟ್ಟಿದ ಶ್ರಮಕ್ಕೆ ತಕ್ಕ ಕೆಲಸ ಅವನಿಗೆ ಸಿಕ್ಕಿಲ್ಲ. 2020ರ ಡಿಸೆಂಬರಿನಲ್ಲಿ ಹರಕು ಮುರುಕಾಗಿ ಬಂದು, ಸೋನಿಯವರೇ ಅಂಗಡಿಯಿಂದ ತೆಗೆದುಹಾಕಿದ ಆಟಕ್ಕೆ ಮರ್ಯಾದೆ ಮರಳಿಸಲು ಇನ್ನೊಂದು ಸಲ ದುಡ್ಡು ಕೇಳಿದರಲ್ಲ ಎಂಬ ಮುನಿಸೂ ನ್ಯಾಯವೇ. ಆದರೆ ಪುಕ್ಕಟೆ ಬಂದ 2.0 ಅಪ್‌ಡೇಟನ್ನು ಮರೆಯಬಾರದು. ಜನ ಮರೆಯಲಿಲ್ಲ, ಮೊದಲ ವಾರಕ್ಕೇ 30 ಲಕ್ಷ ಪ್ರತಿ ಹೋಯಿತು.

ಹೊಸಬರು ನೇರ ವಿಸ್ತರಣೆಗೇ ಹಾರುವ ಅವಕಾಶವನ್ನು ಆಟ ಕೊಡುತ್ತದೆ. ದಯವಿಟ್ಟು ಹಾರಬೇಡಿ, ಗಳಿಸದವನಿಂದ ಕಸಿಯಲು ಏನಿರುತ್ತದೆ? ಫೈರ್‌ಸ್ಟಾರ್ಟರ್‌ಗೆ ಮುಂಚೆ ಬೇರೆ ಸೇವ್ ಇಟ್ಟುಕೊಳ್ಳಿ, ಎರಡೂ ದಾರಿ ನೋಡಲೇಬೇಕು.

ಅಥಣಿ ಹುಡುಗ ಈಗ ತನ್ನದೇ ಆಟ ಶುರು ಮಾಡಿದ್ದಾನೆ. ಟವರ್ ನೋಡಿದ್ದನಲ್ಲ, ಹಟ ಹಿಡಿದು ಸಾಂಗ್‌ಬರ್ಡ್‌ಳ ಪಕ್ಷ ಸೇರಿದ. ಕಳೆದ ಭಾನುವಾರ ಚಂದ್ರನ ನೌಕೆಗೆ ಹೋಗುವ ರೈಲಿನಲ್ಲಿ ಅವಳು ಬಾಯಿಬಿಟ್ಟಳು: ಔಷಧ ಇರುವುದು ಒಬ್ಬರಿಗೆ ಮಾತ್ರ, ಮೊದಲಿಂದಲೂ ಗೊತ್ತಿತ್ತು, ಸುಳ್ಳು ಹೇಳಿದೆ. ಮುಂದೆ ರೀಡ್ ಕಾದು ನಿಂತಿದ್ದಾನೆ. ಹುಡುಗ ಕಂಟ್ರೋಲರ್ ಕೆಳಗಿಟ್ಟು ನೈಟ್ ಶಿಫ್ಟಿಗೆ ಹೋದ. ಇವತ್ತಿಗೆ ನಾಲ್ಕು ದಿನ, ಆ ಸೇವ್ ಅವನಿನ್ನೂ ತೆರೆದಿಲ್ಲ.