'ನಾವು' ಎಂದರೆ ಯಾರು?

ಜೀನಿ ಗನ್ ಅವರ 'ವಿ ಆಫ್ ದ ನೆವರ್ ನೆವರ್' ಪ್ರಕಟವಾದುದು 1908ರಲ್ಲಿ. ಆಸ್ಟ್ರೇಲಿಯಾದ ಹಲವು ತಲೆಮಾರುಗಳು ಪ್ರೀತಿಯಿಂದ ಓದಿದ ಪುಸ್ತಕವಿದು. ಮೆಲ್ಬರ್ನ್‌ನ ಶಿಕ್ಷಕಿಯೊಬ್ಬರು ಮದುವೆಯಾಗಿ, 1902ರಲ್ಲಿ ಗಂಡನ ಜೊತೆ ಉತ್ತರದ ಎಲ್ಸಿ ಸ್ಟೇಷನ್ನಿಗೆ ಹೋಗಿ ಬದುಕಿದ ಕತೆ. ಸಾವಿರಾರು ದನಗಳನ್ನು ಬಯಲಿನಲ್ಲಿ ಬಿಟ್ಟು ಸಾಕುವ ವಿಶಾಲ ಜಮೀನಿಗೆ ಅಲ್ಲಿ 'ಸ್ಟೇಷನ್' ಎನ್ನುತ್ತಾರೆ. ಟಪಾಲು ಬರುತ್ತಿದ್ದುದು ವರ್ಷಕ್ಕೆ ಎಂಟೇ ಸಲ. 1903ರಲ್ಲಿ ಗಂಡ ಜ್ವರದಿಂದ ತೀರಿಕೊಂಡರು. ಪುಸ್ತಕ ಅಲ್ಲಿಗೇ ಮುಗಿಯುತ್ತದೆ.

ಆ ಒಂಟಿತನ, ಆ ಸ್ನೇಹ, ಆ ಸಾವು ನಮ್ಮನ್ನೂ ತಟ್ಟುತ್ತವೆ. ಆದರೆ ಶೀರ್ಷಿಕೆಯ 'ನಾವು' ಯಾರು? ಬಿಳಿಯ ದನಗಾಹಿಗಳಿಗೆಲ್ಲ ಲೇಖಕಿ ಅಕ್ಕರೆಯ ಅಡ್ಡಹೆಸರು ಕೊಟ್ಟು ಆ 'ನಾವು' ಒಳಗೆ ಸೇರಿಸಿಕೊಳ್ಳುತ್ತಾರೆ. ಅದೇ ನೆಲದ ಮೂಲನಿವಾಸಿಗಳು ಮಾತ್ರ ನಗಿಸುವ ಮಕ್ಕಳಂತೆ ಅಂಗಳದಲ್ಲೇ ಉಳಿಯುತ್ತಾರೆ. ದನ ಕೊಂದವರನ್ನು ಬಂದೂಕು ಹಿಡಿದು ಹುಡುಕಿಕೊಂಡು ಹೋಗುವ ಪ್ರಸಂಗವೂ ಲಘುವಾಗಿಯೇ ಬರುತ್ತದೆ.

ಲೇಖಕಿಗೆ ಸತ್ಯ ಕಾಣಲಿಲ್ಲವೆಂದು ಹೇಳುವಂತಿಲ್ಲ. ಬಿಳಿಯರು ನಾಡನ್ನೇ ಕಿತ್ತುಕೊಂಡಿದ್ದಾರೆ, ಅದಕ್ಕೆ ನ್ಯಾಯವಾದ ಪ್ರತಿಫಲ ಕೊಡುವವರೆಗೆ ದನ ಕೊಲ್ಲುವುದನ್ನು ಅಪರಾಧವೆನ್ನಲಾಗದು ಎಂಬರ್ಥದ ಮಾತನ್ನು ಅವರೇ ಬರೆದಿದ್ದಾರೆ. ಆ ಮಾತು ಬರೆದ ಮೇಲೂ ಕತೆ ಬದಲಾಗುವುದಿಲ್ಲ. ಕೃತಿಯ ನಿಜವಾದ ಸೋಲು ಇಲ್ಲಿದೆ. ಅನ್ಯಾಯವನ್ನು ಕಂಡೂ ಅದನ್ನು ಒಂದು ಪ್ಯಾರಾಕ್ಕೆ ಮುಗಿಸಿ ಮುಂದೆ ಹೋಗುವುದು ಎಷ್ಟು ಸುಲಭ!

ಪುಸ್ತಕ ಬಿಟ್ಟುದನ್ನು ಇತಿಹಾಸ ಬರೆಯಿತು. ಉತ್ತರದ ಸ್ಟೇಷನ್ನುಗಳಲ್ಲಿ ಮೂಲನಿವಾಸಿಗಳು ದಶಕಗಳ ಕಾಲ ಬಹುಮಟ್ಟಿಗೆ ಹಿಟ್ಟು, ಸಕ್ಕರೆ, ಚಹಾ, ಹೊಗೆಸೊಪ್ಪಿಗಾಗಿ ದುಡಿದರು. ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಬೋಧನೆ ಕೇಳಿ ಬೆಳೆದ ನಮಗೆ ಇದು ಬೇರೆ ವಿವರಣೆ ಬೇಡುವುದಿಲ್ಲ. 1966ರ ಆಗಸ್ಟ್‌ನಲ್ಲಿ ವೇವ್ ಹಿಲ್ ಸ್ಟೇಷನ್ನಿನಿಂದ ವಿನ್ಸೆಂಟ್ ಲಿಂಗಿಯಾರಿ ನೇತೃತ್ವದಲ್ಲಿ ಸುಮಾರು 200 ಗುರಿಂಜಿ ಜನ ಕೆಲಸ ಬಿಟ್ಟು ನಡೆದರು. ಕೂಲಿಯ ಬೇಡಿಕೆ ನೆಲದ ಬೇಡಿಕೆಯಾಯಿತು. 1975ರಲ್ಲಿ ಪ್ರಧಾನಿ ಗಾಫ್ ವಿಟ್ಲಮ್ ಲಿಂಗಿಯಾರಿಯವರ ಅಂಗೈಗೆ ಮಣ್ಣು ಸುರಿದು ಅವರ ನೆಲದ ಒಂದು ಭಾಗವನ್ನು ಮರಳಿಸಿದರು. ಎಲ್ಸಿ ಕೂಡ 2000ದಲ್ಲಿ ಅದರ ಮೂಲ ಒಡೆಯರಾದ ಮಂಗರಾಯಿ ಜನರ ಕೈಸೇರಿತು.

ಈ ಪುಸ್ತಕವನ್ನು ಬದಿಗಿಡಬೇಕೆಂದು ನಾವು ಹೇಳುತ್ತಿಲ್ಲ. ಓದಬೇಕು, ಅಂಗಳದಲ್ಲಿ ನಿಂತವರನ್ನು ಎಣಿಸುತ್ತಾ ಓದಬೇಕು. ಕತೆ ಬರೆಯುವ ನಾವು ಸಹ 'ನಾವು' ಎಂದು ಬರೆಯುವಾಗಲೆಲ್ಲ ಯಾರನ್ನು ಹೊರಗೆ ನಿಲ್ಲಿಸಿದ್ದೇವೆಂದು ಒಮ್ಮೆ ಬಾಗಿಲಾಚೆ ನೋಡುವುದು ಒಳ್ಳೆಯದು.